ಮಂಡ್ಯ–ಮೈಸೂರು ಕಡೆಯ ಪಾಸ್ಟರ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯ ಜಿಲ್ಲೆಯ ಒಂದು ಹಳ್ಳಿ ಸಭೆಯಲ್ಲಿ ಇಪ್ಪತ್ತಾರು ವರ್ಷ ಪಾಸ್ಟರ್ ಆಗಿದ್ದೆ. ಈಗ ಮೈಸೂರಿಗೆ ಬಂದು ಮಗನ ಮನೆಯಲ್ಲಿದ್ದೇನೆ. ತಿಂಗಳಿಗೊಂದು ಸೋಮವಾರ ಏಳೆಂಟು ಜನ ಹೊಸ ಪಾಸ್ಟರ್‌ಗಳು ಬರುತ್ತಾರೆ. ಪ್ರಾರ್ಥನೆ ಮುಗಿದು ಕಾಫಿ ಲೋಟ ಕೈಗೆ ಬಂದ ಮೇಲೆ ನಿಜವಾದ ಮಾತು ಶುರುವಾಗುತ್ತೆ. ಮುಖಗಳು ಬದಲಾದರೂ ಪ್ರಶ್ನೆಗಳು ಅವೇ. ಹಾಗಾಗಿ ಬರೆದಿಟ್ಟರೆ ಒಳ್ಳೇದು ಅನ್ನಿಸಿತು. ದೇವಶಾಸ್ತ್ರ ಇಲ್ಲಿಲ್ಲ, ಅದನ್ನು ಕಾಲೇಜಿನಲ್ಲಿ ಚೆನ್ನಾಗೇ ಕಲಿಸುತ್ತಾರೆ. ಕಾಣಿಕೆ ಎಣಿಸೋದು, ಜಗಳ ಬಿಡಿಸೋದು, ಬೀಗದ ಕೈ ಯಾರಿಗೆ ಕೊಡೋದು, ಇಂಥವನ್ನು ಯಾರೂ ಕಲಿಸಲ್ಲ.

ಎಲ್ಲಾ ಕೆಲಸ ನನ್ನ ತಲೆ ಮೇಲೇ ಬಿದ್ದಿದೆ. ಸಭೆಯವರು ಯಾರೂ ಕೈ ಹಾಕಲ್ಲ. ಏನು ಮಾಡಲಿ?

ಮೊದಲು ನಿಮ್ಮ ಜೇಬು ನೋಡಿಕೊಳ್ಳಿ. ಬೀಗದ ಕೈ ಗೊಂಚಲು ಅಲ್ಲೇ ಇದೆಯಾ?

ನನ್ನ ಹತ್ತಿರ ಇತ್ತು. ಚರ್ಚಿನ ಬಾಗಿಲು, ಬೀರು, ಮೈಕ್ ಪೆಟ್ಟಿಗೆ, ಹಾರ್ಮೋನಿಯಂ ಪೆಟ್ಟಿಗೆ, ಕಾಣಿಕೆ ಡಬ್ಬಿ, ಒಟ್ಟು ಐದು ಕೈ ಒಂದೇ ದಾರದಲ್ಲಿ. ಒಂದು ಶನಿವಾರ ಮದ್ದೂರಿನ ಹತ್ತಿರ ಒಂದು ಸಾವಿನ ಮನೆಗೆ ಹೋಗಿದ್ದೆ, ರಾತ್ರಿ ಅಲ್ಲೇ ಉಳಿದೆ. ಭಾನುವಾರ ಬೆಳಗ್ಗೆ ಬಸ್ ಕೈಕೊಟ್ಟಿತು. ಊರು ಮುಟ್ಟಿದಾಗ ಹನ್ನೊಂದು ಗಂಟೆ ದಾಟಿತ್ತು. ಓಡಿಕೊಂಡು ಹೋದೆ. ಬಾಗಿಲಿಗೆ ಬೀಗ ಹಾಗೇ ಇದೆ. ಹೊಂಗೆ ಮರದ ಕೆಳಗೆ ಜನ ಕೂತು ಮಾತಾಡುತ್ತಿದ್ದಾರೆ, ಮಕ್ಕಳು ಹೊಂಗೆ ಕಾಯಿ ಆರಿಸುತ್ತಿದ್ದಾರೆ. ನಾನು ಕ್ಷಮೆ ಕೇಳೋಕೆ ಬಾಯಿ ತೆಗೆದೆ. ಒಬ್ಬ ಹಿರಿಯರು ತಡೆದು ಹೇಳಿದರು: "ಬುಡಿ ಪಾಸ್ಟ್ರೇ. ಹಾಡು ಹೇಳ್ಕೊಂಡೊ, ಅಜ್ಜಮ್ಮ ಪ್ರಾರ್ಥನೆ ಮಾಡುದ್ಲು, ಮೇಷ್ಟ್ರು ವಾಕ್ಯ ಓದುದ್ರು. ಎಲ್ಲಾ ಆಯ್ತು. ಬಾಗ್ಲು ಒಂದು ನಿಮ್ದಲ್ವಾ, ಅದಕ್ಕೆ ಆಚೆ ಕೂತೊ."

ಅವರು ಕುಟುಕೋಕೆ ಹೇಳಿದ್ದಲ್ಲ. ಅದಕ್ಕೇ ಜಾಸ್ತಿ ಚುಚ್ಚಿತು. ಯಾರೂ ಕೈ ಹಾಕಲ್ಲ ಅಂತ ಆರು ವರ್ಷ ಗೊಣಗಿದವನು ನಾನು. ಕೈ ಹಾಕೋಕೆ ಜಾಗ ಬಿಟ್ಟಿರಲಿಲ್ಲ ಅಷ್ಟೆ.

ವಿಮೋಚನಕಾಂಡ 18ನೇ ಅಧ್ಯಾಯ ಎಲ್ಲರಿಗೂ ಗೊತ್ತು. ಮೋಶೆ ಬೆಳಗಿನಿಂದ ಸಂಜೆವರೆಗೂ ಒಬ್ಬನೇ ಕೂತು ನ್ಯಾಯ ಹೇಳುತ್ತಾನೆ, ಮಾವ ಇತ್ರೋ ಬಂದು ನೋಡುತ್ತಾನೆ. ಹೀಗೆ ಮಾಡಿದರೆ ನೀನು ಸೋತುಹೋಗುತ್ತೀಯ ಅಂದಿದ್ದನ್ನು ನಾವೆಲ್ಲ ಪ್ರಸಂಗ ಮಾಡುತ್ತೇವೆ. ನಿನ್ನ ಜನರೂ ಸೋತುಹೋಗುತ್ತಾರೆ ಅಂತಲೂ ಅವನು ಹೇಳಿದ. ಆ ಮಾತನ್ನು ಓದಿಕೊಂಡು ಮುಂದೆ ಹೋಗಿಬಿಡುತ್ತೇವೆ. ಪಾಸ್ಟರ್ ಒಬ್ಬನೇ ಎಲ್ಲಾ ಮಾಡಿದರೆ ಸುಸ್ತಾಗೋದು ಸಾಲಿನಲ್ಲಿ ಕಾಯೋರಿಗೂ ಸೇರಿ.

ಬಿಟ್ಟುಕೊಡೋದು ಹೇಗೆ ಅಂದರೆ, ಒಂದು ಕೆಲಸ ತಗೊಳ್ಳಿ, ಅದನ್ನು ಪೂರ್ತಿ ಕೊಡಿ. ಮೈಕ್ ಹುಡುಗನಿಗೆ ಕೊಟ್ಟರೆ ಪೆಟ್ಟಿಗೆಯ ಬೀಗದ ಕೈಯೂ ಅವನಿಗೇ, ರಿಪೇರಿ ಮಾಡಿಸೋಕೆ ದುಡ್ಡೂ ಅವನಿಗೇ. ಮೊದಲ ತಿಂಗಳು ಮೈಕ್ ಕೀರ್ ಅನ್ನುತ್ತೆ. ಅನ್ನಲಿ ಬಿಡಿ. ನೀವು ಪೀಠದಿಂದ ಇಳಿದು ಹೋಗಿ ಗುಂಡಿ ತಿರುಗಿಸಿದಿರೋ, ಅವನ ಪಾಲಿಗೆ ಆ ಕೆಲಸ ಅಲ್ಲಿಗೆ ಮುಗಿಯಿತು.

ಜವಾಬ್ದಾರಿ ಯಾರಿಗೆ ಕೊಡಬೇಕು? ಚೆನ್ನಾಗಿ ಮಾತಾಡೋರು ಇಬ್ಬರೇ ಇದ್ದಾರೆ.

ಮಾತಾಡೋರನ್ನು ಬಿಡಿ. ಗೊಣಗೋರನ್ನು ನೋಡಿ.

ಅಪೊಸ್ತಲರ ಕೃತ್ಯಗಳು 6ರಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ಸರಿಯಾಗಿ ಮುಟ್ಟುತ್ತಿಲ್ಲ ಅಂತ ಗೊಣಗಾಟ ಎದ್ದಿತು. ಅಪೊಸ್ತಲರು ಏಳು ಜನರನ್ನು ಆರಿಸಿ ಅಂತ ಸಭೆಗೇ ಹೇಳಿದರು. ಸ್ತೆಫನ, ಫಿಲಿಪ್ಪ, ಹೀಗೆ ಏಳೂ ಗ್ರೀಕ್ ಹೆಸರುಗಳು. ಅಂದರೆ ದೂರು ಬಂದ ಕಡೆಯವರ ಕೈಗೇ ಸೌಟು ಕೊಟ್ಟ ಹಾಗೆ ಕಾಣುತ್ತೆ.

ನಮ್ಮಲ್ಲಿ ಸುಗ್ಗಿ ಹಬ್ಬದ ಊಟಕ್ಕೆ ಪ್ರತಿ ವರ್ಷ ಒಂದೇ ತಕರಾರು. ಮೊದಲ ಪಂಕ್ತಿಗೆ ಮಾಂಸ, ಕೊನೇ ಪಂಕ್ತಿಗೆ ಬರೀ ಸಾರು. ಒಂದು ವರ್ಷ ಬಡಿಸೋ ಕೆಲಸವನ್ನು ಕೊನೇ ಪಂಕ್ತಿಯಲ್ಲಿ ಕೂರೋ ಹೆಂಗಸರಿಗೇ ವಹಿಸಿದೆ. ಅವರು ಮಾಡಿದ್ದು ಸಣ್ಣ ಉಪಾಯ. ಮೊದಲೇ ಎರಡು ಪಾತ್ರೆಗೆ ತುಂಡು ಎಣಿಸಿ ತೆಗೆದಿಟ್ಟು ಮುಚ್ಚಳ ಹಾಕಿ, ಮೇಲೆ ಒಬ್ಬಳು ಅಜ್ಜಿಯನ್ನು ಕಾವಲಿಗೆ ಕೂರಿಸಿದರು. ಅಜ್ಜಿ ನನಗೂ ಮುಚ್ಚಳ ತೆಗೆಯೋಕೆ ಬಿಡಲಿಲ್ಲ. ಅವತ್ತು ಎಲ್ಲರ ಎಲೆಗೂ ಮುದ್ದೆ ಜೊತೆ ಮಾಂಸ ಬಿತ್ತು.

ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಮೇಲ್ಭಾಗದಲ್ಲಿ ನೀರು ತುಂಬಿ ಹರಿಯುವಾಗ ಕೊನೇ ಭಾಗದಲ್ಲಿ, ಮದ್ದೂರು ಮಳವಳ್ಳಿ ಕಡೆ, ರೈತ ನಾಲೆ ನೋಡುತ್ತಾ ನಿಂತಿರುತ್ತಾನೆ. ಕೆರೆ ಕೆಳಗಿನ ಗದ್ದೆಗಳಿಗೆ ನೀರಗಂಟಿ ಇರುತ್ತಿದ್ದ. ನೀರು ಅವನದಲ್ಲ, ಗದ್ದೆಯೂ ಅವನದಲ್ಲ. ತೂಬು ಎತ್ತೋದು, ಸರದಿ ನೋಡೋದು, ಗುದ್ದಲಿ ಹೆಗಲಿಗೆ ಹಾಕಿಕೊಂಡು ಕೊನೇ ಗದ್ದೆವರೆಗೂ ನಡೆದು ನೀರು ಮುಟ್ಟಿತಾ ಅಂತ ನೋಡೋದು ಅವನ ಕೆಲಸ. ತೂಬಿನ ಹತ್ತಿರವೇ ಕೂತ ನೀರಗಂಟಿಯನ್ನು ಊರು ಇಟ್ಟುಕೊಳ್ಳುತ್ತಿರಲಿಲ್ಲ.

ಸಭೆಯೊಳಗೆ ಜಾತಿ ಕಾಣಿಸುತ್ತೆ. ಅದರ ಬಗ್ಗೆ ಪ್ರಸಂಗ ಮಾಡಿದರೆ ಸಾಕಾ?

ಸಾಲದು. ಪ್ರಸಂಗ ಕೇಳಿ ಎಲ್ಲರೂ ಆಮೆನ್ ಅನ್ನುತ್ತಾರೆ. ಜಾತಿ ಇರೋದು ಅಡುಗೆ ಮನೆಯಲ್ಲಿ, ಹೆಣ್ಣು ಗಂಡು ನೋಡುವಾಗ, ಸ್ಮಶಾನದಲ್ಲಿ. ಕಣ್ಣು ಅಲ್ಲಿಡಿ.

ಪೌಲನು ಅಂತಿಯೋಕ್ಯದಲ್ಲಿ ಪೇತ್ರನನ್ನು ಮುಖಾಮುಖಿ ಎದುರಿಸಿದ್ದು ಊಟದ ವಿಷಯಕ್ಕೇ ಅಲ್ವಾ (ಗಲಾತ್ಯ 2). ಅನ್ಯಜನರ ಜೊತೆ ಕೂತು ಉಣ್ಣುತ್ತಿದ್ದ ಪೇತ್ರ, ಯೆರೂಸಲೇಮಿನಿಂದ ಜನ ಬಂದ ತಕ್ಷಣ ಎದ್ದು ಹೋದ. ನಾವೂ ಹಾಗೆ ಎದ್ದು ಹೋಗುತ್ತೇವೆ, ಗೊತ್ತಾಗದ ಹಾಗೆ. ಒಂದು ಮನೆಯಲ್ಲಿ ಊಟ, ಇನ್ನೊಂದು ಮನೆಯಲ್ಲಿ "ಈಗ ತಾನೇ ಆಯ್ತಮ್ಮ, ಬರೀ ನೀರು ಕೊಡಿ." ಇದನ್ನು ಸಭೆ ಎಣಿಸುತ್ತಿರುತ್ತೆ. ವರ್ಷಕ್ಕೆ ಯಾರ ಮನೆಯಲ್ಲಿ ಎಷ್ಟು ಸಲ ಊಟ ಮಾಡಿದಿರಿ ಅಂತ ಡೈರಿಯಲ್ಲಿ ಬರೆಯಿರಿ. ನಾನು ಬರೆದೆ, ಮೊದಲ ವರ್ಷದ ಲೆಕ್ಕ ನೋಡಿ ನಾಚಿಕೆಯಾಯಿತು.

ಕಾಣಿಕೆ ಲೆಕ್ಕ ಹೇಗಿಡಬೇಕು? ನಮ್ಮದು ಸಣ್ಣ ಸಭೆ, ಎಲ್ಲರಿಗೂ ನನ್ನ ಮೇಲೆ ನಂಬಿಕೆ ಇದೆ.

ನಂಬಿಕೆ ಇರುವಾಗಲೇ ಲೆಕ್ಕ ಶುರು ಮಾಡಿ. ಅನುಮಾನ ಬಂದ ಮೇಲೆ ಪುಸ್ತಕ ತೆಗೆದರೆ ಆ ಪುಸ್ತಕವನ್ನೂ ಯಾರೂ ನಂಬಲ್ಲ.

ಕೊರಿಂಥದವರಿಗೆ ಬರೆದ ಎರಡನೇ ಪತ್ರದ 8ನೇ ಅಧ್ಯಾಯ ನೋಡಿ. ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ದೊಡ್ಡ ಮೊತ್ತದ ವಿಷಯ. ಪೌಲ ತಾನೊಬ್ಬನೇ ಅದನ್ನು ನೋಡಿಕೊಳ್ಳಲಿಲ್ಲ. ತೀತನ ಜೊತೆಗೆ ಸಭೆಗಳೇ ಆರಿಸಿದ ಇನ್ನೊಬ್ಬನನ್ನೂ ಕಳಿಸಿದ. ಯಾರೂ ಬೆರಳು ತೋರಿಸಬಾರದು, ದೇವರ ಮುಂದೆ ಹೇಗೋ ಮನುಷ್ಯರ ಮುಂದೆಯೂ ಹಾಗೇ ಸರಿಯಾಗಿರಬೇಕು ಅಂತ ಕಾರಣವನ್ನೂ ಬರೆದ. ಪೌಲನಿಗೇ ಬೇಕಾದದ್ದು ನಮಗೆ ಬೇಡವಾ?

ನಮ್ಮ ಸಭೆಯಲ್ಲಿ ಹೀಗೆ ಮಾಡುತ್ತಿದ್ದೆವು. ಆರಾಧನೆ ಮುಗಿದ ಕೂಡಲೇ ಮುಂದಿನ ಮೇಜಿನ ಮೇಲೇ ಎಣಿಕೆ. ಇಬ್ಬರು ಎಣಿಸಬೇಕು, ಇಬ್ಬರೂ ಒಂದೇ ಮನೆಯವರಾಗಿರಬಾರದು, ಪಾಸ್ಟರ್ ಎಣಿಸಬಾರದು, ಪಾಸ್ಟರ್ ಹೆಂಡತಿಯೂ ಎಣಿಸಬಾರದು. ನೋಟು, ಚಿಲ್ಲರೆ ಬೇರೆ ಬೇರೆ ಬರೆದು ಇಬ್ಬರ ಸಹಿ. ಸೋಮವಾರ ಬ್ಯಾಂಕಿಗೆ. ತಿಂಗಳ ಮೊದಲ ಭಾನುವಾರ ಬಂದಿದ್ದು, ಹೋಗಿದ್ದು ಎರಡನ್ನೂ ಗಟ್ಟಿಯಾಗಿ ಓದೋದು. ಕರೆಂಟ್ ಬಿಲ್ ಇಷ್ಟು, ಪೊರಕೆ ಎರಡು, ಪಾಸ್ಟರ್ ಸಂಬಳ ಇಷ್ಟು. ನಿಮ್ಮ ಸಂಬಳ ಓದುವಾಗ ಮೊದಲ ಸಲ ಕಿವಿ ಬಿಸಿಯಾಗುತ್ತೆ. ಆಮೇಲೆ ಹಗುರಾಗುತ್ತೆ.

ಈಗ ಒಂದು ಹೊಸ ರೋಗ ಬಂದಿದೆ. ಚರ್ಚಿನ ಗೋಡೆಗೆ ಕ್ಯೂಆರ್ ಕೋಡ್ ಅಂಟಿಸಿರುತ್ತಾರೆ. ಸ್ಕ್ಯಾನ್ ಮಾಡಿದರೆ ಪಾಸ್ಟರ್ ಹೆಸರು ಬರುತ್ತೆ. ದುಡ್ಡು ಅವರ ಸ್ವಂತ ಖಾತೆಗೆ ಹೋಗಿ ಮಗಳ ಫೀಸು, ಗಾಡಿ ಕಂತಿನ ಜೊತೆ ಬೆರೆತುಹೋಗುತ್ತೆ. ಪಾಸ್ಟರ್ ಕಳ್ಳ ಅಂತ ನಾನು ಹೇಳುತ್ತಿಲ್ಲ. ಮೂರು ವರ್ಷ ಆದ ಮೇಲೆ ಅವರಿಗೇ ಯಾವುದು ಯಾರದು ಅಂತ ಬಿಡಿಸೋಕಾಗಲ್ಲ. ಇವತ್ತೇ ಹೋಗಿ ಆ ಚೀಟಿ ಕಿತ್ತುಹಾಕಿ. ಸಭೆಯ ಹೆಸರಿನಲ್ಲಿ ಖಾತೆ ತೆಗೆಸಿ, ಹಣ ತೆಗೆಯೋಕೆ ಇಬ್ಬರ ಸಹಿ ಇರಲಿ.

ಕಾನೂನಿನ ಮಾತು ನಾಲ್ಕೇ ಸಾಲು. ಖಾತೆ ತೆಗೆಸಬೇಕು ಅಂದರೆ ಸಭೆ ಟ್ರಸ್ಟ್ ಆಗಿಯೋ, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಸಂಘವಾಗಿಯೋ ನೋಂದಣಿ ಆಗಿರಲಿ. ಒಬ್ಬರಿಂದ ಒಂದು ದಿನದಲ್ಲಿ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಳ್ಳೋ ಹಾಗಿಲ್ಲ. ವಿದೇಶಿ ಪ್ರಜೆಯಿಂದಲೋ ಸಂಸ್ಥೆಯಿಂದಲೋ ಹಣ ಬರಬೇಕಾದರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಮೊದಲೇ ಪಡೆದ ಅನುಮತಿ ಇರಲೇಬೇಕು, ಅದೂ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. "ನನ್ನ ಸ್ವಂತ ಖಾತೆಗೆ ಸ್ವಲ್ಪ ಕಳಿಸಿ ಬ್ರದರ್" ಅನ್ನೋದು ಬೇಡ. ಉಳಿದದ್ದಕ್ಕೆ ಒಬ್ಬ ಲೆಕ್ಕಪರಿಶೋಧಕರನ್ನು ಹಿಡಿಯಿರಿ. ಅವರ ಫೀಸು ದಂಡಕ್ಕಿಂತ ಕಡಿಮೆ.

ಚರ್ಚಿನ ಜಾಗ ಸದ್ಯಕ್ಕೆ ನನ್ನ ಹೆಸರಿನಲ್ಲಿದೆ. ತೊಂದರೆ ಏನು?

ನೀವು ಬದುಕಿರುವವರೆಗೆ ಏನೂ ಇಲ್ಲ. ಆಮೇಲೆ ನಿಮ್ಮ ಮಕ್ಕಳಿಗೂ ಸಭೆಗೂ ಕೋರ್ಟಿನಲ್ಲಿ ಭೇಟಿ. ಸಭೆಯ ಹೆಸರಿಗೆ ಬರೆದುಕೊಡಿ.

ಸುಗ್ಗಿ ಹಬ್ಬದ ಹರಾಜಿನಲ್ಲಿ ಕೂಗಿ ದುಡ್ಡು ಕೊಡದವರನ್ನು ಏನು ಮಾಡೋದು?

ಎಲ್ಲಾ ಊರಲ್ಲೂ ಒಬ್ಬರು ಇರುತ್ತಾರೆ. ಜನರ ಮುಂದೆ ಹುರುಪಿನಲ್ಲಿ ಒಂದು ಕುಂಬಳಕಾಯಿಗೆ ಎರಡು ಸಾವಿರ ಕೂಗಿ, ಕಾಯಿ ಎತ್ತಿಕೊಂಡು ಹೋಗಿ, ಮುಂದಿನ ಸುಗ್ಗಿವರೆಗೂ ಕಣ್ಣು ತಪ್ಪಿಸಿ ಓಡಾಡುತ್ತಾರೆ. ಬಾಕಿ ಪಟ್ಟಿ ಓದಬೇಡಿ. ಅವರು ಸಭೆಗೆ ಬರೋದೇ ನಿಲ್ಲಿಸುತ್ತಾರೆ. ಕುಂಬಳಕಾಯಿಗೆ ಒಬ್ಬ ವಿಶ್ವಾಸಿಯನ್ನು ಕಳೆದುಕೊಳ್ಳೋದು ದುಬಾರಿ.

ಸಭಾ ಹಿರಿಯರೊಬ್ಬರು ಪ್ರತಿಯೊಂದಕ್ಕೂ ಅಡ್ಡ ಬರುತ್ತಾರೆ. ಪೀಠದಿಂದಲೇ ಸೂಕ್ಷ್ಮವಾಗಿ ಹೇಳಲಾ?

ಬೇಡ. ನಾನು ಹೇಳಿ ನೋಡಿದ್ದೇನೆ.

ಒಬ್ಬರು ನನ್ನ ಬೆನ್ನ ಹಿಂದೆ ಮಾತಾಡುತ್ತಿದ್ದರು. ಯಾಕೋಬನ ಪತ್ರದ 3ನೇ ಅಧ್ಯಾಯ ತಗೊಂಡು ನಾಲಿಗೆಯ ಮೇಲೆ ಮುಕ್ಕಾಲು ಗಂಟೆ ಪ್ರಸಂಗ ಮಾಡಿದೆ. ಹೆಸರು ಹೇಳಲಿಲ್ಲ, ಆದರೆ ಬಾಣ ಗುರಿಗೆ ಇಟ್ಟೇ ಬಿಟ್ಟಿದ್ದೆ. ಆರಾಧನೆ ಮುಗಿದ ಮೇಲೆ ಮೂಲೆಯಲ್ಲಿ ಕೂತಿದ್ದ ಒಬ್ಬ ಸಾಧು ಹೆಂಗಸು ಅಳುತ್ತಾ ಬಂದು, "ನಾನು ಅತ್ತೆಗೆ ಎದುರು ಮಾತಾಡಿದ್ದು ನಿಮ್ಗೆ ಯಾರು ಹೇಳುದ್ರು ಪಾಸ್ಟ್ರೇ?" ಅಂದಳು. ನಾನು ಗುರಿ ಇಟ್ಟಿದ್ದ ಮನುಷ್ಯ ಬಾಗಿಲ ಹತ್ತಿರ ಕೈಕುಲುಕಿ, "ಒಳ್ಳೇ ಪ್ರಸಂಗ. ಕೆಲವರಿಗೆ ಬೇಕಾಗಿತ್ತು" ಅಂದರು.

ಮತ್ತಾಯ 18ರಲ್ಲಿ ಕ್ರಮ ಸ್ಪಷ್ಟವಾಗಿದೆ. ಮೊದಲು ಇಬ್ಬರೇ, ಆಗದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ, ಕೊನೆಗೆ ಸಭೆ. ನಾವು ತಲೆಕೆಳಗು ಮಾಡುತ್ತೇವೆ. ಅವರ ಮನೆಗೆ ಹೋಗಿ, ಒಬ್ಬರೇ ಹೋಗಿ. ಚರ್ಚಿನ ಕೋಣೆಗೆ ಕರೆಸಬೇಡಿ, ಅದು ನಿಮ್ಮ ಜಾಗ. ಅವರ ಜಗಲಿ ಮೇಲೆ ಅವರಿಗೆ ಧೈರ್ಯ ಜಾಸ್ತಿ, ನಿಮಗೆ ವಿನಯ ಜಾಸ್ತಿ. ಮೊದಲ ಅರ್ಧ ಗಂಟೆ ಬೆಳೆ, ಮಳೆ, ಕಬ್ಬಿನ ಬಾಕಿ ಮಾತಾಡಿ. ನಂತರ ಕೇಳಿ: "ಅಣ್ಣಾ, ನನ್ನಿಂದ ಏನು ತಪ್ಪಾಗಿದೆ ಹೇಳಿ." ಹತ್ತರಲ್ಲಿ ನಾಲ್ಕು ಸಲ ತಪ್ಪು ನಮ್ಮದೇ ಇರುತ್ತೆ. ನನ್ನ ಲೆಕ್ಕದಲ್ಲಿ ಆರು ಸಲ.

ಅಡ್ಡ ಬರೋರನ್ನೆಲ್ಲ ಶತ್ರು ಅಂದುಕೊಳ್ಳಬೇಡಿ. ಕಟ್ಟಡಕ್ಕೆ ಸಾಲ ಮಾಡೋದು ಬೇಡ ಅಂತ ಹಟ ಹಿಡಿದ ಹಿರಿಯರೊಬ್ಬರ ಮೇಲೆ ಎರಡು ವರ್ಷ ಸಿಟ್ಟು ಇಟ್ಟುಕೊಂಡಿದ್ದೆ. ಆಮೇಲೆ ಬರ ಬಂತು, ಕಾಣಿಕೆ ಅರ್ಧಕ್ಕೆ ಇಳಿಯಿತು. ಸಾಲ ಮಾಡಿದ್ದರೆ ಚರ್ಚಿನ ಬಾಗಿಲಿಗೆ ಬ್ಯಾಂಕಿನವರು ಬರುತ್ತಿದ್ದರು.

ಕಾಯಿಲೆಯವರಿಗೆ ಪ್ರಾರ್ಥನೆ ಮಾಡುತ್ತೇನೆ. ಆಸ್ಪತ್ರೆಗೆ ಹೋಗಿ ಅಂದರೆ ನಂಬಿಕೆ ಕಡಿಮೆ ಅಂದುಕೊಳ್ಳುತ್ತಾರೆ.

ಅವರನ್ನು ಮೈಸೂರಿನ ಮಂಡಿ ಮೊಹಲ್ಲಾಕ್ಕೆ ಕರೆದುಕೊಂಡು ಹೋಗಿ. ಅಲ್ಲಿ 1906ರಲ್ಲಿ ಮಿಷನ್‌ನವರು ಕಟ್ಟಿದ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಇದೆ. ಜನ ಈಗಲೂ ಮಿಷನ್ ಆಸ್ಪತ್ರೆ ಅಂತಾರೆ. ಅದಕ್ಕೂ ನೂರು ವರ್ಷ ಹಿಂದೆ, ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬೋಯಿ ಈ ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಲು ಓಡಾಡಿದವರು. ಗಂಜಾಂನಲ್ಲಿ ಅವರ ಹೆಸರಿನ ಚರ್ಚು ಈಗಲೂ ಇದೆ. ಇವರೆಲ್ಲ ಪ್ರಾರ್ಥನೆ ಮಾಡಿದವರೇ.

ಮಾತ್ರೆ ನಿಲ್ಲಿಸಿ ಅಂತ ಯಾವತ್ತೂ ಹೇಳಬೇಡಿ. ಸಕ್ಕರೆ ಕಾಯಿಲೆ, ಬಿಪಿ, ಫಿಟ್ಸ್, ಮನಸ್ಸಿನ ಕಾಯಿಲೆ, ಯಾವುದಕ್ಕೂ. ಯಾರಾದರೂ ಸಾಯೋ ಮಾತಾಡಿದರೆ ಒಂಟಿಯಾಗಿ ಬಿಡಬೇಡಿ. 14416 ಟೆಲಿ ಮಾನಸ್ ಸಹಾಯವಾಣಿ, ದಿನವಿಡೀ ಇರುತ್ತೆ, ಕನ್ನಡದಲ್ಲೂ ಮಾತಾಡಬಹುದು. ಸಾಲದಿಂದ ಸೋತ ರೈತರ ಸಾವನ್ನು ನಮ್ಮ ಜಿಲ್ಲೆ ಬೇಕಾದಷ್ಟು ನೋಡಿದೆ. ಕಬ್ಬಿನ ದುಡ್ಡು ಬಾರದ ತಿಂಗಳಲ್ಲಿ ಮನೆ ಭೇಟಿ ಹೆಚ್ಚು ಮಾಡಿ.

ಸಂಡೇ ಸ್ಕೂಲಿನಲ್ಲಿ ಮಗುವೊಂದು ಯಾರೋ ತನ್ನನ್ನು ಕೆಟ್ಟದಾಗಿ ಮುಟ್ಟಿದರು ಅಂತ ಹೇಳಿದರೆ? ಮೊದಲು ಹಿರಿಯರ ಜೊತೆ ಕೂತು ಮಾತಾಡಬೇಕಾ?

ಇಲ್ಲ. ಪೊಲೀಸರಿಗೆ ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಗೊತ್ತಿದ್ದೂ ತಿಳಿಸದೇ ಇರೋದೇ ಅಪರಾಧ. ಸಭೆಯ ಮಾನ, ಆ ಮನೆಯ ಮಾನ, ಮುಟ್ಟಿದವರ ಸೇವೆಯ ವರ್ಷಗಳು, ಇದ್ಯಾವುದೂ ಆ ಮಗುವಿಗಿಂತ ದೊಡ್ಡದಲ್ಲ. ರಾಜಿ ಮಾಡಿಸೋಕೆ ನೀವು ಯಾರೂ ಅಲ್ಲ. ಮಗು ಹೇಳಿದ್ದನ್ನು ಹೇಳಿದ ಹಾಗೇ ಬರೆದಿಡಿ, ಮತ್ತೆ ಮತ್ತೆ ಕೇಳಿ ಹಿಂಸೆ ಮಾಡಬೇಡಿ.

ನಾನು ಮದುವೆ ಮಾಡಿಸಬಹುದಾ?

ಪ್ರಾರ್ಥನೆ ಮಾಡಬಹುದು. ಕಾನೂನಿಗೆ ಒಪ್ಪುವ ಹಾಗೆ ಮದುವೆ ನೆರವೇರಿಸೋಕೆ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ ಇದೆ. ಬಿಷಪ್ಪರಿಂದ ದೀಕ್ಷೆ ಪಡೆದ ಪಾದ್ರಿಗಳ ಮಾತು ಬೇರೆ. ನಮ್ಮಂಥ ಸ್ವತಂತ್ರ ಸಭೆಗಳ ಪಾಸ್ಟರ್‌ಗಳು ಸರ್ಕಾರದಿಂದ ಲೈಸೆನ್ಸ್ ಪಡೆದಿರಬೇಕು. ಅಧಿಕಾರ ಇಲ್ಲದೆ ಮಾಡಿಸಿದರೆ 10 ವರ್ಷದವರೆಗೂ ಶಿಕ್ಷೆ ಆಗಬಹುದು. "ಸುಮ್ನೆ ಒಂದು ಸರ್ಟಿಫಿಕೇಟ್ ಬರೆದುಕೊಡಿ ಪಾಸ್ಟ್ರೇ" ಅಂತ ಬರೋರು ಇರುತ್ತಾರೆ. ಕಾಫಿ ಕೊಟ್ಟು ಕಳಿಸಿ.

ಅಕ್ಕಪಕ್ಕದವರು ಮೈಕಿನ ಸದ್ದಿಗೆ ದೂರು ಕೊಡುತ್ತಿದ್ದಾರೆ.

ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ, ಇದು ಎಲ್ಲರಿಗೂ ಒಂದೇ ನಿಯಮ. ಉಳಿದ ಹೊತ್ತಿನಲ್ಲಿ ನಿಯಮಕ್ಕಿಂತ ನೆರೆತನ ದೊಡ್ಡದು. ಮೂವತ್ತು ಜನ ಕೂರೋ ಕೋಣೆಗೆ ಹೊರಗೆ ಸ್ಪೀಕರ್ ಯಾಕೆ? ಎಸ್ಎಸ್ಎಲ್‌ಸಿ ಪರೀಕ್ಷೆ ಸಮಯದಲ್ಲಿ ಕೀಬೋರ್ಡು ಬಿಟ್ಟು ಬರೀ ಚಪ್ಪಾಳೆಯಲ್ಲಿ ಹಾಡಿ. ಬೀದಿಯಲ್ಲಿ ಸಾವಾದರೆ ಅವತ್ತು ಮೈಕೇ ಬೇಡ, ಎದ್ದು ಹೋಗಿ ಅವರ ಜಗಲಿಯಲ್ಲಿ ಕೂತುಬನ್ನಿ.

ಪಕ್ಕದೂರಿನಲ್ಲಿ ದೊಡ್ಡ ಸಭೆ ಶುರುವಾಗಿದೆ. ನಮ್ಮವರು ಅಲ್ಲಿಗೆ ಹೋಗುತ್ತಿದ್ದಾರೆ.

ಹೋಗಲಿ. ಹೋಗೋರ ಮನೆಗೆ ಹೋಗಿ ಪ್ರಾರ್ಥನೆ ಮಾಡಿ ಕಳಿಸಿಕೊಡಿ. ವಾಪಸ್ ಬರೋಕೆ ದಾರಿ ಇರಬೇಕಲ್ಲ. ಹೋದ ಯುವಕರನ್ನು ಮಾತ್ರ ಯಾಕೆ ಅಂತ ಕೇಳಿ. ನನಗೆ ಒಬ್ಬ ಹುಡುಗ ಹೇಳಿದ: "ಅಲ್ಲಿ ನಂಗೆ ಗಿಟಾರ್ ಬಾರಿಸೋಕೆ ಕೊಡ್ತಾರೆ. ಇಲ್ಲಿ ಬೆಂಚ್ ಎತ್ತೋಕೆ ಕೊಡ್ತೀರಿ."

ತುಂಬಾ ದಣಿದಿದ್ದೇನೆ. ಬಿಟ್ಟುಬಿಡೋಣ ಅನ್ನಿಸುತ್ತೆ.

ಬಿಡೋ ತೀರ್ಮಾನ ಭಾನುವಾರ ರಾತ್ರಿ ಮಾಡಬೇಡಿ. ಪ್ರವಾದಿ ಎಲೀಯನು ಗಿಡದ ಕೆಳಗೆ ಬಿದ್ದುಕೊಂಡು ಸಾಕು ಅಂದಾಗ ದೇವದೂತ ಪ್ರಸಂಗ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ, ಮಲಗೋಕೆ ಬಿಟ್ಟ, ಮತ್ತೆ ಎಬ್ಬಿಸಿ ಮತ್ತೆ ಊಟ ಕೊಟ್ಟ. ವಾರದಲ್ಲಿ ಒಂದು ದಿನ ನಿಮ್ಮ ಮನೆಯವರಿಗೆ ಕೊಡಿ. ನನ್ನ ಮಗಳು ಐದನೇ ಕ್ಲಾಸಿನಲ್ಲಿದ್ದಾಗ, "ಅಪ್ಪ, ನಾನೂ ಸಭೆಯವಳಾಗಿದ್ರೆ ನಮ್ಮನೆಗೂ ಬರ್ತಿದ್ರಾ?" ಅಂತ ಕೇಳಿದ್ದಳು. ಈಗ ಅವಳಿಗೆ ಮಕ್ಕಳಿದ್ದಾರೆ, ಅವಳಿಗೆ ಆ ಮಾತು ನೆನಪಿಲ್ಲವಂತೆ.

ಸಭೆ ಬಿಟ್ಟು ಹೋಗುವಾಗ ಮುಂದಿನವರಿಗೆ ಏನು ಒಪ್ಪಿಸಬೇಕು?

ಒಂದು ನೋಟ್‌ಬುಕ್. ಲೆಕ್ಕದ ಪುಸ್ತಕ, ಆಸ್ತಿ ಪತ್ರ, ದೀಕ್ಷಾಸ್ನಾನ ಮದುವೆ ರಿಜಿಸ್ಟರ್‌ಗಳು ಇದ್ದೇ ಇರುತ್ತವೆ. ಇದು ಅದರ ಜೊತೆಗೆ. ಯಾರಿಗೆ ಹಾಸಿಗೆ ಹಿಡಿದ ತಾಯಿ ಇದ್ದಾರೆ, ಯಾರ ಮಗ ಬೆಂಗಳೂರಿನಿಂದ ಫೋನ್ ಮಾಡಲ್ಲ, ಯಾವ ಎರಡು ಮನೆಯವರನ್ನು ಪಕ್ಕಪಕ್ಕ ಕೂರಿಸಬಾರದು. ಜನ ಗುಟ್ಟಾಗಿ ಹೇಳಿಕೊಂಡದ್ದನ್ನು ಬರೆಯಬೇಡಿ, ಅದು ನಿಮ್ಮ ಜೊತೆಗೇ ಹೋಗಲಿ. ಹೋದ ಮೇಲೆ ಒಂದು ವರ್ಷ ಆ ಊರಿಗೆ ಹಬ್ಬಕ್ಕೂ ಹೋಗಬೇಡಿ. ಹಳೇ ಪಾಸ್ಟರ್ ಮೊದಲ ಬೆಂಚಿನಲ್ಲಿ ಕೂತಿದ್ದರೆ ಹೊಸಬರಿಗೆ ಬಾಯಿ ಒಣಗುತ್ತೆ.

ನಾನು ಬಿಡುವಾಗ ಬೀಗದ ಕೈ ಒಪ್ಪಿಸೋ ಶಾಸ್ತ್ರ ಇರಲಿಲ್ಲ. ಐದೂ ಕೈ ಐದು ಮನೆಯಲ್ಲಿದ್ದವು. ಹೊಸ ಪಾಸ್ಟರ್‌ಗೆ ಪುಸ್ತಕ ಕೊಟ್ಟು, ಕೊನೇ ಪುಟ ಮೊದಲು ಓದಿ ಅಂದೆ. ಅದರಲ್ಲಿ ಇದ್ದದ್ದು ಇಷ್ಟೇ: ಬೋರ್‌ವೆಲ್ ಸ್ಟಾರ್ಟರ್ ಎರಡು ಸಲ ಒತ್ತಬೇಕು. ಮಳೆ ಬಂದರೆ ಎಡಗಡೆ ಮೂರನೇ ಬೆಂಚಿನ ಮೇಲೆ ಸೋರುತ್ತೆ, ಆ ಬೆಂಚಿನ ಅಜ್ಜಿ ಬೇರೆ ಕಡೆ ಕೂರಲ್ಲ, ಕೊಡೆ ಬೀರುವಿನ ಹಿಂದೆ ಇದೆ.